ಮನೆಯಲ್ಲಿ ನಿಮ್ಮ ಜೊತೆ ಯಾರಿದ್ದಾರೆ?

ರೋಗಿಗೆ ಪ್ರಶ್ನೆ ಕೇಳುವುದು ಹೇಗೆ ಎಂದು ಕಲಿಸುವುದು ಆಗ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ನನ್ನ ಕೆಲಸಗಳಲ್ಲಿ ಒಂದಾಗಿತ್ತು. "ಕೇಳೋದನ್ನೂ ಕಲಿಸ್ಬೇಕೇನೇ? ನಮ್ಮೂರಲ್ಲಿ ಬಸ್‌ಸ್ಟ್ಯಾಂಡಲ್ಲಿ ಪಕ್ಕಕ್ಕೆ ಕೂತೋರೇ ಎಲ್ಲಾ ಕೇಳಿಬಿಡ್ತಾರೆ" ಎಂದು ದಾವಣಗೆರೆಯಿಂದ ನನ್ನಕ್ಕ ಫೋನಿನಲ್ಲಿ ನಗುತ್ತಿದ್ದಳು. ಕಲಿಸಬೇಕು. ಮೂರನೇ ವರ್ಷದ ಮೆಡಿಕಲ್ ವಿದ್ಯಾರ್ಥಿಗಳು ಮೊದಲ ಸಲ ವಾರ್ಡಿಗೆ ಬಂದಾಗ ಜ್ವರ, ಕೆಮ್ಮು, ಮಾತ್ರೆ ಎಲ್ಲವನ್ನೂ ಚೆನ್ನಾಗಿಯೇ ಕೇಳುತ್ತಾರೆ. ಕೊನೆಗೆ ಸೋಶಿಯಲ್ ಹಿಸ್ಟರಿ ಅಂತ ಒಂದು ಭಾಗ ಬರುತ್ತದೆ. ರೋಗಿ ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ, ಕಷ್ಟಕ್ಕೆ ಯಾರಾಗುತ್ತಾರೆ ಎನ್ನುವುದು. ಅಲ್ಲಿಗೆ ಬರುವ ಹೊತ್ತಿಗೆ ಇವರ ಒಂದು ಕಾಲು ಬಾಗಿಲಾಚೆ ಇರುತ್ತದೆ. "ಮದುವೆ ಆಗಿದೆಯಾ?" ಎಂದು ನಿಂತೇ ಕೇಳುತ್ತಾರೆ. ಇಲ್ಲ ಎಂದರೆ ಇಲ್ಲ ಎಂದು ಬರೆದು ಹೊರಡುತ್ತಾರೆ.

ನನ್ನದೊಂದು ನಿಯಮವಿತ್ತು. ಕುರ್ಚಿ ಎಳೆದುಕೊಂಡು ಕೂರಬೇಕು. ಮುದುಕರಿಗೂ ಹುಡುಗರಿಗೂ, ಬಿಳಿಯರಿಗೂ ಕರಿಯರಿಗೂ ಒಂದೇ ಪ್ರಶ್ನೆ: ಮನೆಯಲ್ಲಿ ನಿಮ್ಮ ಜೊತೆ ಯಾರಿದ್ದಾರೆ? ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟೇ. ಎಲ್ಲರೂ ತಲೆಯಾಡಿಸುತ್ತಿದ್ದರು. ಆದರೆ ನಮ್ಮ ದೇಶದ ರೋಗಿ ಬಂದರೆ ನಮ್ಮ ದೇಶದ ವಿದ್ಯಾರ್ಥಿಗಳೇ ಈ ನಿಯಮವನ್ನು ಗಾಳಿಗೆ ತೂರುತ್ತಿದ್ದರು. ಎರಡು ಸಾವಿರದ ಇಸವಿಯ ವೈಟುಕೆ ಗದ್ದಲ ಮುಗಿದು, ಕಂಪ್ಯೂಟರ್ ಕೆಲಸಕ್ಕೆಂದು ನಮ್ಮ ಹುಡುಗರು ವಿಮಾನ ತುಂಬಿಕೊಂಡು ನ್ಯೂಜೆರ್ಸಿಗೆ ಬಂದಿಳಿಯುತ್ತಿದ್ದ ಕಾಲ ಅದು. ವಾರ್ಡಿನಲ್ಲಿ ಒಬ್ಬನಾದರೂ ಇರುತ್ತಿದ್ದ. ಅವನ ಬಗ್ಗೆ ಬರೆಯುವುದು ಒಂದೇ ಸಾಲು. ಅವಿವಾಹಿತ, ಸಾಫ್ಟ್‌ವೇರ್ ಇಂಜಿನಿಯರ್, ರೂಮ್‌ಮೇಟ್ ಜೊತೆ ವಾಸ, ಬೀಡಿ ಸಿಗರೇಟು ಕುಡಿತ ಇಲ್ಲ. ಯಾಕೆ ಹೆಚ್ಚು ಕೇಳಲಿಲ್ಲ ಎಂದು ಗದರಿದರೆ, "ನಮ್ಮೋರನ್ನ ಅದೆಲ್ಲಾ ಹೇಗೆ ಕೇಳೋದು ಮೇಡಂ?" ಎಂಬ ಉತ್ತರ.

ಆ ವರ್ಷದ ತಂಡದಲ್ಲಿ ಹತ್ತಿರದ ಎಡಿಸನ್ ಊರಿನ ಒಂದು ಕನ್ನಡ ಮನೆಯ ಹುಡುಗನಿದ್ದ. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಅವನ ತಾಯಿ ನನಗೆ ಗೊತ್ತು. ಕನ್ನಡ ಸಂಘದ ಯುಗಾದಿ ಊಟಕ್ಕೆ ಇಬ್ಬರೂ ಒಟ್ಟಿಗೆ ಚಿತ್ರಾನ್ನ ಕಲಸಿದವರು. ಹುಡುಗ ವಾರ್ಡಿನಲ್ಲಿ ನನ್ನನ್ನು ಡಾಕ್ಟರ್ ಎನ್ನುತ್ತಿದ್ದ, ಕಾರು ನಿಲ್ಲಿಸುವ ಜಾಗಕ್ಕೆ ಬಂದೊಡನೆ ಆಂಟಿ ಎನ್ನುತ್ತಿದ್ದ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ. "ಆಂಟಿ, ಐ ಆ್ಯಮ್ ಗೇ" ಎಂದ.

"ಊಟ ಆಯ್ತೇನೋ?" ಎಂದೆ. ಇಲ್ಲ ಎಂದ. ನನ್ನ ಡಬ್ಬಿಯ ಅವಲಕ್ಕಿ ಮುಂದಿಟ್ಟೆ. ಅವನು ತಿನ್ನುತ್ತಾ ಅತ್ತ, ಅಳುತ್ತಾ ತಿಂದ. ಮನೆಯಲ್ಲಿ ಹೇಳಿಲ್ಲವಂತೆ. ಪರೀಕ್ಷೆ ಮುಗಿದ ಮೇಲೆ ಹೇಳುತ್ತಾನಂತೆ. ಆಮೇಲೆ ಅವನು ಕೇಳಿದ್ದು ತನಗಾಗಿ ಏನನ್ನೂ ಅಲ್ಲ. ಇಷ್ಟು ದೊಡ್ಡ ಕೋರ್ಸಿನಲ್ಲಿ ತನ್ನಂಥ ರೋಗಿಗಳ ಬಗ್ಗೆ ಒಂದೇ ಒಂದು ಗಂಟೆಯೂ ಇಲ್ಲವಲ್ಲ, ಅಂಥವರು ಬಂದರೆ ಹೇಗೆ ಕೇಳಬೇಕು, ಅವರ ಜೊತೆಗಾರರನ್ನು ಹೇಗೆ ಕಾಣಬೇಕು ಎಂದು ಯಾರೂ ಹೇಳಿಕೊಡುವುದಿಲ್ಲವಲ್ಲ, ಒಂದು ಗಂಟೆ ಕೊಡಿಸಿ ಎಂದ.

ಕೋರ್ಸಿನ ಮುಖ್ಯಸ್ಥ ಎತ್ತರದ, ಮೆಲುದನಿಯ ಅಮೆರಿಕನ್. ಯಾವುದಕ್ಕೂ ಆಗುವುದಿಲ್ಲ ಎನ್ನದೆ ಯಾವುದನ್ನೂ ಮಾಡದ ಜಾಣ. ನಾನು ಅವನ ಬಾಗಿಲಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನದ ಊಟದ ಹೊತ್ತಿನ ಗಂಟೆಯನ್ನು ಬಿಟ್ಟುಕೊಟ್ಟ. ಒಂದು ಷರತ್ತು. ಬರಿಯ ಭಾಷಣ ಬೇಡ, ನಮ್ಮದೇ ವಾರ್ಡಿನ ಒಬ್ಬ ರೋಗಿಯ ಪ್ರಕರಣ ಇಟ್ಟುಕೊಂಡು ಕಲಿಸಬೇಕು.

ಆ ರೋಗಿ ತಾನಾಗಿಯೇ ಬಂದ. ಜ್ವರ ಬಿಡುತ್ತಿಲ್ಲ, ವಸಡಿನಲ್ಲಿ ರಕ್ತ ಎಂದು ದಾಖಲಾದ ಸಾಫ್ಟ್‌ವೇರ್ ಇಂಜಿನಿಯರ್, ಮೈಸೂರಿನವನು. ರಕ್ತ ಪರೀಕ್ಷೆಯಲ್ಲಿ ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಕಂಡಿತು. ಕಡತದಲ್ಲಿ ಆಗಲೇ ಆ ಒಂದು ಸಾಲು ಬಿದ್ದಿತ್ತು: ರೂಮ್‌ಮೇಟ್ ಜೊತೆ ವಾಸ. ನಾನು ನಮ್ಮ ಹುಡುಗನನ್ನು ಕರೆದು, "ಹೋಗು, ಕುರ್ಚಿ ಹಾಕ್ಕೊಂಡು ಕೂತು ಕೇಳು. ಕನ್ನಡದಲ್ಲೇ ಕೇಳು" ಎಂದೆ. ಆ ಒಂದು ವಾಕ್ಯವನ್ನು ಅವನು ಕಾರಿಡಾರಿನಲ್ಲಿ ನಿಂತು ಗಟ್ಟಿ ಮಾಡಿಕೊಂಡ. ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ಅರಳಿತ್ತು. ರೋಗಿ ಹೇಳಿದ್ದಾನೆ. ಜೊತೆಗಿರುವವನು ರೂಮ್‌ಮೇಟ್ ಅಲ್ಲ, ಬಾಳಿನ ಸಂಗಾತಿ. ಆದರೆ ಕಡತದಲ್ಲಿ ಬರೆಯಬೇಡಿ, ತಂಡದ ಮುಂದೆ ಹೇಳಬೇಡಿ, ನಿಮ್ಮ ಮೇಡಂಗೆ ಮಾತ್ರ ಹೇಳಿ ಎಂದಿದ್ದಾನೆ.

ಸಂಗಾತಿ ಹುಬ್ಬಳ್ಳಿಯವನು. ರಾಬಿನ್ಸ್‌ವಿಲ್ ಕಡೆಯ ಒಂದು ಗೋದಾಮಿನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ದಿನಾ ಕೆಲಸ ಮುಗಿಸಿ ಸ್ಟೀಲಿನ ಕ್ಯಾರಿಯರ್ ಹಿಡಿದು ಬರುತ್ತಿದ್ದ. ಇಬ್ಬರೂ ಒಂದೇ ಕಂಪನಿಯ ಮೂಲಕ ಬಂದು, ಕೆಲಸ ಸಿಗುವವರೆಗೆ ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದವರಂತೆ. ಅವರ ಜಗಳವೆಲ್ಲ ಅಡುಗೆಯದು.

"ಸಾರಿಗೆ ಬೆಲ್ಲ ಹಾಕ್ತಾರಂತ್ರಿ ಇವರ ಮನ್ಯಾಗ! ಅದು ಸಾರೋ ಪಾಯಸಾನೋ ನೀವಽ ಹೇಳ್ರಿ ಮೇಡಂ" ಎಂದು ಹುಬ್ಬಳ್ಳಿಯವನು ನನ್ನನ್ನು ಪಂಚಾಯಿತಿಗೆ ಕರೆಯುತ್ತಿದ್ದ.

"ಬೆಲ್ಲ ಹಾಕದ ಸಾರು ಮನುಷ್ಯರು ತಿನ್ನೋದಲ್ಲ, ಅದಕ್ಕೇ ಇವನ ಬಾಯಿ ಇಷ್ಟು ಖಾರ" ಎಂದು ರೋಗಿ ಮಲಗಿದಲ್ಲಿಂದಲೇ ಉತ್ತರ ಕೊಡುತ್ತಿದ್ದ. ನಾವು ದಾವಣಗೆರೆಯವರು, ಎರಡಕ್ಕೂ ಸೈ ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ.

ಕೀಮೋಥೆರಪಿ ಶುರುವಾಯಿತು. ಅದು ಕೆಟ್ಟ ರಕ್ತಕಣಗಳ ಜೊತೆ ಒಳ್ಳೆಯವನ್ನೂ ಕೊಲ್ಲುತ್ತದೆ. ಬಿಳಿಕಣ ಇಳಿದರೆ ಸೋಂಕು, ರಕ್ತ ಹೆಪ್ಪುಗಟ್ಟಿಸುವ ಕಣ ಇಳಿದರೆ ಎಲ್ಲೆಂದರಲ್ಲಿ ರಕ್ತಸ್ರಾವ. ಅವನನ್ನು ಪ್ರತ್ಯೇಕ ಕೋಣೆಗೆ ಹಾಕಿದರು. ಹೊರಗಿನ ಊಟ ಇಲ್ಲ, ಹೂವು ಇಲ್ಲ, ಹಸಿ ಹಣ್ಣು ಇಲ್ಲ. ಒಳಗೆ ಹೋಗುವವರು ಮಾಸ್ಕ್ ಹಾಕಿ ಮೊಣಕೈವರೆಗೆ ತೊಳೆದುಕೊಳ್ಳಬೇಕು. ಮತ್ತು ಕುಟುಂಬದವರು ಮಾತ್ರ ಬರಬೇಕು. ಮೊದಲ ದಿನವೇ ಹುಬ್ಬಳ್ಳಿಯವನು ಕ್ಯಾರಿಯರ್ ಸಮೇತ ನರ್ಸ್‌ಗಳ ಮೇಜಿನ ಮುಂದೆ ಸಿಕ್ಕಿಬಿದ್ದ. ಸಂಬಂಧ ಏನು ಎಂದು ನರ್ಸ್ ಕೇಳಿದಳು. ಅವನು ಕ್ಯಾರಿಯರನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿದ್ದ ನಮ್ಮ ಹುಡುಗ ಥಟ್ಟನೆ, "ಕಸಿನ್" ಎಂದುಬಿಟ್ಟ.

ನರ್ಸ್ ಮರುಮಾತಾಡದೆ ಒಳಗೆ ಹೋಗುವ ಬಿಲ್ಲೆ ಕೊಟ್ಟಳು. ಕೊಡದೆ ಏನು? ನಮ್ಮವರೊಬ್ಬರು ಆಸ್ಪತ್ರೆ ಸೇರಿದರೆ ವ್ಯಾನು ತುಂಬಾ ಕಸಿನ್‌ಗಳು ಬಂದಿಳಿಯುವುದು ಅವಳಿಗೆ ಹೊಸದಲ್ಲ. ಪಕ್ಕದ ಮನೆಯವನೂ ಕಸಿನ್, ಊರಿನವನೂ ಕಸಿನ್, ಭಾವಮೈದುನನ ಸ್ನೇಹಿತನೂ ಕಸಿನ್. ವಿಮಾನ ನಿಲ್ದಾಣದಲ್ಲಿ, ಶಾಲೆಯಲ್ಲಿ, ಬಾಡಿಗೆ ಮನೆಯ ಆಫೀಸಿನಲ್ಲಿ, ಎಲ್ಲೆಲ್ಲಿ ಬಾಗಿಲು ತೆರೆಯಬೇಕೋ ಅಲ್ಲೆಲ್ಲ ನಾವು ಹಾಗೆಯೇ ಹೇಳಿಕೊಂಡು ಬಂದಿದ್ದೇವೆ. ಹುಡುಗ ನನಗೆ ಹೇಳಿದಾಗ ನಾನೂ ನಕ್ಕುಬಿಟ್ಟೆ. ಕೆಲಸ ಆಯಿತಲ್ಲ.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ರೋಗಿಗೆ ಪ್ರಜ್ಞೆ ತಪ್ಪಿದರೆ ಅವನ ಪರವಾಗಿ ತೀರ್ಮಾನ ಮಾಡುವವರು ಯಾರು? ಆಗ ನ್ಯೂಜೆರ್ಸಿಯಲ್ಲಿ ಇಬ್ಬರು ಗಂಡಸರಿಗೆ ಮದುವೆಯೂ ಇಲ್ಲ, ಇನ್ಯಾವ ಲೆಕ್ಕದ ಸಂಬಂಧವೂ ಇಲ್ಲ. ಇದ್ದದ್ದು ಒಂದೇ ದಾರಿ. ಇಂಥವನು ನನ್ನ ಪರ ಮಾತಾಡಲಿ ಎಂದು ರೋಗಿ ಎಚ್ಚರವಿದ್ದಾಗಲೇ ಸಾಕ್ಷಿಗಳ ಮುಂದೆ ಸಹಿ ಹಾಕುವುದು. ನಾನು ಆ ಕಾಗದ ತೆಗೆದುಕೊಂಡು ಹೋದೆ. ಸಾವಿನ ಮಾತೆತ್ತಿದೊಡನೆ ಹುಬ್ಬಳ್ಳಿಯವನು, "ಬಿಡ್ತು ಅನ್ರಿ ಮೇಡಂ" ಎಂದು ಮುಖ ತಿರುಗಿಸಿದ. ರೋಗಿ ಮಾತ್ರ ಶಾಂತವಾಗಿ ಕೇಳಿಸಿಕೊಂಡ.

"ಮೇಡಂ, ನಮ್ಮಣ್ಣ ಬರ್ತಿದ್ದಾರೆ. ಅಪ್ಪ ಹೋದ್ಮೇಲೆ ನನ್ನ ಸಾಕಿದ್ದು ಅವರೇ. ಅವರು ಇರೋವಾಗ ಇವನ ಹೆಸರು ಯಾಕೆ ಬರೆದೆ ಅಂತ ಕೇಳೇ ಕೇಳ್ತಾರೆ. ಬೇರೆಯವರಿಂದ ಗೊತ್ತಾಗ್ಬಾರ್ದು. ನಾನೇ ಹೇಳ್ತೀನಿ. ಹೇಳಿ, ಅವರ ಮುಂದೇನೇ ಸಹಿ ಹಾಕ್ತೀನಿ" ಎಂದ. ಎಷ್ಟು ವರ್ಷದಿಂದ ಹೇಳಬೇಕೆಂದಿದ್ದಾನೋ, ಆ ಮಾತು ಹೇಳುವಾಗ ಅವನ ದನಿ ಗಟ್ಟಿಯಾಗಿತ್ತು. ನಮ್ಮ ಶುಕ್ರವಾರದ ಗಂಟೆಯ ವಿಷಯವನ್ನೂ ಹೇಳಿದೆ. ಹೆಸರಿಲ್ಲದೆ ನಿಮ್ಮ ಪ್ರಕರಣ ಬಳಸಬಹುದೇ ಎಂದೆ. ಅವನು ನಕ್ಕ. "ಹೆಸರಿಲ್ದೆ ಯಾಕೆ? ಅಣ್ಣಂಗೆ ಹೇಳಿದ್ಮೇಲೆ ಇನ್ಯಾರ ಭಯ? ಹುಷಾರಾದ್ರೆ ನಾನೇ ಬಂದು ಮಾತಾಡ್ತೀನಿ." ನಮ್ಮ ಹುಡುಗ ಮಂಚದ ಕಾಲ ಬಳಿ ನಿಂತು ಅವನನ್ನೇ ನೋಡುತ್ತಿದ್ದ.

ಅಣ್ಣನಿಗೆ ವೀಸಾ ಸಿಗುವುದು ತಡವಾಯಿತು. ಕೊನೆಗೂ ಬೆಂಗಳೂರಿನಿಂದ ಹೊರಟರು ಎಂದು ಫೋನು ಬಂತು. ಆ ದಿನ ರೋಗಿ ಹುಬ್ಬಳ್ಳಿಯವನಿಂದ ಗಡ್ಡ ಬೋಳಿಸಿಕೊಳ್ಳಬೇಕೆಂದು ಹಟ ಹಿಡಿದ. ರಕ್ತ ನಿಲ್ಲುವುದಿಲ್ಲ, ಬ್ಲೇಡು ಮುಟ್ಟಿಸಬೇಡಿ ಎಂದು ನರ್ಸ್ ಬೈದಳು. ಕೊನೆಗೆ ಬ್ಯಾಟರಿಯ ಶೇವರ್ ತರಿಸಿ ಸಮಾಧಾನ ಮಾಡಿದೆವು. ಸಂಜೆ ತಲೆನೋವು ಎಂದ. ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು. ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ರಕ್ತ. ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಚೀಲಗಟ್ಟಲೆ ಏರಿಸಿದೆವು. ಹೆಪ್ಪುಗಟ್ಟದ ಈ ರಕ್ತದಲ್ಲಿ ಕತ್ತರಿ ಹಾಕಲಾರೆ ಎಂದು ಮಿದುಳಿನ ಸರ್ಜನ್ ಕೈಚೆಲ್ಲಿದ. ಅಣ್ಣ ಇನ್ನೂ ಆಕಾಶದಲ್ಲಿರುವಾಗಲೇ ತಮ್ಮ ಉಸಿರಾಟದ ಯಂತ್ರಕ್ಕೆ ಸೇರಿ, ಕರೆದರೆ ಓಗೊಡದ ಸ್ಥಿತಿಗೆ ಹೋಗಿದ್ದ.

ಅಣ್ಣ ಮೈಸೂರಿನಲ್ಲಿ ಕಾಲೇಜು ಉಪನ್ಯಾಸಕರು. ಚಳಿಗೆಂದು ಯಾರಿಂದಲೋ ಕೇಳಿ ತಂದ ದೊಡ್ಡ ಕೋಟಿನಲ್ಲಿ, ವಿಮಾನದ ಊಟವನ್ನೂ ಮುಟ್ಟದೆ ಬಂದಿದ್ದರು. ಐಸಿಯು ನರ್ಸ್ ಅವರನ್ನು ಸಮಾಧಾನಪಡಿಸಲು ಒಳ್ಳೆಯ ಮಾತೇ ಆಡಿದಳು. ನಿಮ್ಮ ಕಸಿನ್ ಒಂದು ದಿನವೂ ತಪ್ಪದೆ ಬಂದಿದ್ದಾರೆ, ಅಂಥ ಕಸಿನ್ ಎಲ್ಲರಿಗೂ ಸಿಗಲಿ ಎಂದಳು. ಅಣ್ಣ ಸುತ್ತ ನೋಡಿದರು. ಹುಬ್ಬಳ್ಳಿಯವನು ಗೋಡೆಗೆ ಒರಗಿ ನಿಂತಿದ್ದ.

"ಯಾರಪ್ಪಾ ನೀವು? ಯಾರ ಕಡೆಯೋರು? ನಂಜನಗೂಡು ಅತ್ತೆ ಮಗನೇ?"

ಅಮೆರಿಕದ ನರ್ಸ್‌ಗೆ ಸಾಕಾಗಿದ್ದ ಸುಳ್ಳು ಹಳೇ ಮೈಸೂರಿನ ಹಿರಿಯಣ್ಣನ ಮುಂದೆ ಒಂದು ಪ್ರಶ್ನೆಗೂ ಬಾಳಲಿಲ್ಲ. ಅವರಿಗೆ ಮೂರು ತಲೆಮಾರಿನ ಅತ್ತೆ, ಚಿಕ್ಕಪ್ಪ, ದೊಡ್ಡಮ್ಮಂದಿರ ಮಕ್ಕಳೆಲ್ಲ ಬಾಯಿಪಾಠ. "ಇಲ್ರೀ... ನಾನು ಇವರ..." ಎಂದು ಹುಬ್ಬಳ್ಳಿಯವನು ಬಾಯಿ ತೆರೆದೊಡನೆ ಮಾತಿನ ಧಾಟಿಯೇ ಹೇಳಿಬಿಟ್ಟಿತು. ಅವರ ಬಳಗದಲ್ಲಿ ತುಂಗಭದ್ರೆಯ ಆಚೆಗೆ ಯಾರೂ ಇರಲಿಲ್ಲ. ದಣಿವು, ದುಃಖ, ಪರದೇಶದ ಗಾಬರಿ ಎಲ್ಲ ಸೇರಿ ಅಣ್ಣನಿಗೆ ಸಿಟ್ಟು ಬಂತು. ಇವನು ನಮ್ಮವನಲ್ಲ, ಸುಳ್ಳು ಹೇಳಿಕೊಂಡು ಒಳಗೆ ಬಂದಿದ್ದಾನೆ ಎಂದು ನರ್ಸ್‌ಗೆ ಹೇಳಿದರು. ಮೇಲ್ವಿಚಾರಕಿ ಬಂದಳು. ಹುಬ್ಬಳ್ಳಿಯವನ ಬಿಲ್ಲೆ ಕಿತ್ತುಕೊಂಡು ಲಿಫ್ಟಿನವರೆಗೆ ಒಬ್ಬ ಗಾರ್ಡನ್ನು ಜೊತೆ ಮಾಡಿ ಕಳಿಸಿದರು. ಕಸಿನ್ ಎಂದು ಹೇಳಿಕೊಟ್ಟವರು ಯಾರು ಎಂಬುದೂ ಅಲ್ಲೇ ಹೊರಬಿತ್ತು. ನಮ್ಮ ಹುಡುಗನ ಮೇಲೆ ದೂರು ಹೋಯಿತು.

ನಾನು ಆಸ್ಪತ್ರೆಯ ನೀತಿ ಸಮಿತಿಯವರಿಗೆ ಫೋನು ಮಾಡಿದೆ. ಸಹಿಯಾದ ಕಾಗದ ಇದೆಯೇ ಎಂದರು. ಇಲ್ಲ ಎಂದೆ. ಹಾಗಾದರೆ ತೀರ್ಮಾನ ಅಣ್ಣನದು, ಎಂದರು. ರೋಗಿಯ ಆಸೆ ನನಗೆ ಗೊತ್ತು, ಆದರೆ ಯಾರಿಗೂ ಹೇಳಬೇಡಿ ಎಂದಿದ್ದಾನೆ ಎಂದೆ. ಯಾವ ಆಸೆ, ಅವನೇ ಬಚ್ಚಿಡಿ ಎಂದ ವಿಷಯವೇ ಎಂದು ಕೇಳಿದರು. ನಾನು ಫೋನು ಇಟ್ಟೆ.

ಕೆಳಗೆ ಕಾಫಿ ಅಂಗಡಿಯಲ್ಲಿ ಹುಬ್ಬಳ್ಳಿಯವನು ಕೂತಿದ್ದ. ಪಕ್ಕದಲ್ಲಿ ನಮ್ಮ ಹುಡುಗ. "ನಾನು ಹೋಗಿ ಅವರಣ್ಣನಿಗೆ ನಿಜ ಹೇಳ್ತೀನಿ. ಆಗೋದಾಗ್ಲಿ" ಎಂದೆ. ಹುಡುಗನೂ, "ಯೆಸ್, ಪ್ಲೀಸ್, ಆಂಟಿ" ಎಂದ. ಹುಬ್ಬಳ್ಳಿಯವನು ಎದ್ದು ನಿಂತು ಕೈ ಮುಗಿದ.

"ಬ್ಯಾಡ್ರಿ ಮೇಡಂ. ಅಂವಾ ತಾನಽ ಹೇಳ್ತೇನಿ ಅಂದಿದ್ದ. ಈಗ ನೀವು ಹೇಳಿದ್ರ ಅವರಣ್ಣ ಆ ಮಾರಿ ಹೆಂಗ ನೋಡ್ತಾರ? ಅಷ್ಟ್ ದೂರದಿಂದ ಕಡೀ ಸಲ ನೋಡಾಕ ಬಂದಾರ. ಪ್ರೀತಿಲೇ ನೋಡ್ಲಿ ಬಿಡ್ರಿ."

"ಮತ್ತೆ ನೀವು?"

"ನಾ ನೋಡೇನಲ್ರಿ" ಎಂದ. "ನಾ ದಿನಾ ನೋಡೇನಿ."

ನನ್ನ ಜೀವಮಾನದಲ್ಲಿ ನಾನು ಇಷ್ಟು ಅಸಹಾಯಕಳಾಗಿ ಯಾವ ಕಾಫಿ ಅಂಗಡಿಯಲ್ಲೂ ನಿಂತಿದ್ದಿಲ್ಲ. ಹೇಳಿದರೆ ಮಾತಾಡಲಾರದ ರೋಗಿಯ ನಂಬಿಕೆಗೆ ದ್ರೋಹ. ಹೇಳದಿದ್ದರೆ ಇವನು ಇಲ್ಲಿ, ಅವನು ಅಲ್ಲಿ. ಕೊನೆಗೆ ಹೇಳಬೇಕಾದವರಿಬ್ಬರಲ್ಲಿ ಬದುಕುಳಿಯುವವನ ಮಾತನ್ನೇ ಕೇಳಿದೆ. ಹೇಳುವುದಿಲ್ಲ ಎಂದು ತೀರ್ಮಾನಿಸಿದೆ.

ಅಣ್ಣನನ್ನು ಕುಟುಂಬದವರ ಕೋಣೆಯಲ್ಲಿ ಕೂರಿಸಿಕೊಂಡು ಎಲ್ಲ ವಿವರಿಸಿದೆ. ಯಂತ್ರ ಉಸಿರಾಡಿಸುತ್ತಿದೆ, ತಮ್ಮ ಮರಳುವುದಿಲ್ಲ. ಅವರು ಕರವಸ್ತ್ರವನ್ನು ಮಡಚುತ್ತಾ ಬಿಚ್ಚುತ್ತಾ ಕೇಳಿದರು. ನಾಳೆ ಬೆಳಿಗ್ಗೆ ಯಂತ್ರ ತೆಗೆಯಲು ಒಪ್ಪಿದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು.

"ಡಾಕ್ಟ್ರಮ್ಮಾ, ನೀವು ನಮ್ಮೋರು. ಒಂದು ಮಾತು ನಿಜ ಹೇಳಿ. ಆ ಹುಡುಗ ಯಾರು?"

"ಅವರ ಜೊತೆ ಮನೇಲಿದ್ದವರು" ಎಂದೆ. "ಕಾಯಿಲೆ ಬಿದ್ದಾಗಿಂದ ನೋಡ್ಕೊಂಡಿದ್ದೆಲ್ಲ ಅವರೇ. ನಾಳೆ ಒಂದು ಐದು ನಿಮಿಷ ಅವರಿಗೂ ಬರೋಕೆ ಬಿಡಿ ಸಾರ್. ದಯವಿಟ್ಟು."

"ಓ, ರೂಮ್‌ಮೇಟು" ಎಂದರು. ಅವರ ಮುಖ ಸ್ವಲ್ಪ ಸಡಿಲವಾಯಿತು. "ಹಾಗಂತಲೇ ಹೇಳ್ಬೋದಿತ್ತಲ್ಲ, ಸುಳ್ಳ್ಯಾಕೆ? ಇರ್ಲಿ. ಆದ್ರೆ ನಾಳೆ ಬೇಡಮ್ಮಾ. ಅಂಥ ಹೊತ್ತಲ್ಲಿ ಮನೆಯೋರು ಮಾತ್ರ ಇರ್ಲಿ."

ನಾನು ಮತ್ತೆ ಕೇಳಿದೆ, ಸುತ್ತಿ ಬಳಸಿ ಕೇಳಿದೆ. ಅವರು ಪ್ರತಿ ಸಲವೂ ಬೇಡವೆಂದರು, ಮರ್ಯಾದೆಯಿಂದಲೇ. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ಹಾಳಾದ್ದು, ಅವರು ಒಳ್ಳೆಯವರು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯವನು ನಮ್ಮ ಹುಡುಗನ ಕೈಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟ. ಅವನ ಪಾದ ಯಾವಾಗಲೂ ತಣ್ಣಗಿರುತ್ತವೆ, ಹಾಕಿಬಿಡು ಎಂದ. ವಿದ್ಯಾರ್ಥಿಯಾದ್ದರಿಂದ ಹುಡುಗನಿಗೆ ಒಳಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವನು ಹೊದಿಕೆ ಸರಿಸಿ, ಎರಡೂ ಪಾದಗಳನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಕಾಲುಚೀಲ ತೊಡಿಸಿದ. ಅಣ್ಣ ನೋಡುತ್ತಿದ್ದರು. "ಎಷ್ಟು ಚೆನ್ನಾಗಿ ನೋಡ್ಕೋತಾರಮ್ಮಾ ನಿಮ್ಮ ಆಸ್ಪತ್ರೇಲಿ" ಎಂದರು. ಯಂತ್ರ ತೆಗೆದೆವು. ಅಣ್ಣ ತಮ್ಮನ ತಲೆ ಸವರುತ್ತಾ, ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದ ಕರೆಯುತ್ತಾ ಇದ್ದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಹುಡುಗ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಕೆಳಗೆ ಹೋದ. ಅವನು ಏನು ಹೇಳಿದನೋ, ಇಂಗ್ಲಿಷಿನಲ್ಲಿ ಹೇಳಿದನೋ ಕನ್ನಡದಲ್ಲೋ, ನಾನು ಕೇಳಲಿಲ್ಲ.

ಅದೇ ವಾರ ಹುಡುಗನನ್ನು ಮುಖ್ಯಸ್ಥ ಕರೆಸಿದ. ನಾನೂ ಹೋದೆ. ಆಸ್ಪತ್ರೆಯ ಸಿಬ್ಬಂದಿಗೆ ಸುಳ್ಳು ಹೇಳಿದ ವಿದ್ಯಾರ್ಥಿ ಎಂಬ ಮಾತು ದಾಖಲೆಗೆ ಹತ್ತಿದರೆ ಮುಂದೆ ಯಾವ ಆಸ್ಪತ್ರೆಯೂ ಅವನನ್ನು ತರಬೇತಿಗೆ ತೆಗೆದುಕೊಳ್ಳುವುದಿಲ್ಲ. ಕಾರಣ ಹೇಳು ಎಂದು ಮುಖ್ಯಸ್ಥ ಮೆಲುದನಿಯಲ್ಲೇ ಕೇಳಿದ. ನಿಜ ಹೇಳಬೇಕಾದರೆ ಸತ್ತವನ ಗುಟ್ಟು ಹೇಳಬೇಕು. ಅವರಿಬ್ಬರಿಗಾಗಿ ತನಗೇಕೆ ಅಷ್ಟು ನೋವಾಯಿತು ಎಂದು ತನ್ನ ಗುಟ್ಟನ್ನೂ ಹೇಳಬೇಕು. ದೂರು ಕೇಳಲು ಮುಖ್ಯಸ್ಥನ ಜೊತೆ ಕೂತಿದ್ದ ವಿಚಾರಣಾ ಸಮಿತಿಯಲ್ಲಿ ನಮ್ಮ ಕನ್ನಡ ಸಂಘದ ಒಬ್ಬ ಡಾಕ್ಟರೂ ಇದ್ದರು. ಅವರ ಹೆಂಡತಿ, ಇವನ ತಾಯಿ ಒಂದೇ ಭಜನೆಯಲ್ಲಿ ಕೂರುವವರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಇಲ್ಲಿ ಆಡಿದ ಮಾತು ಶನಿವಾರದೊಳಗೆ ಎಡಿಸನ್ ಮುಟ್ಟುತ್ತದೆ.

ಹುಡುಗ ನನ್ನ ಕಡೆ ನೋಡಲಿಲ್ಲ. "ಇಟ್ಸ್ ಅ ಕಲ್ಚರಲ್ ಥಿಂಗ್" ಎಂದ. ನಮ್ಮಲ್ಲಿ ಎಲ್ಲರನ್ನೂ ಕಸಿನ್ ಎಂದು ಕರೆಯುತ್ತೇವೆ, ಅದು ಸುಳ್ಳು ಎಂದು ನನಗೆ ಹೊಳೆಯಲೇ ಇಲ್ಲ ಎಂದ.

ಮುಖ್ಯಸ್ಥನ ಮುಖದಲ್ಲಿ ಬೆಳಕು ಬಂತು. ಸಂಸ್ಕೃತಿ ಎಂದರೆ ಅವನಿಗೆ ಅರ್ಥವಾಗುತ್ತಿತ್ತು. ದೂರಿನಲ್ಲಿ ಸುಳ್ಳು ಎಂಬ ಪದ ತೆಗೆದು ಸಾಂಸ್ಕೃತಿಕ ತಪ್ಪು ತಿಳಿವಳಿಕೆ ಎಂದು ಹಾಕಬಹುದು ಎಂದ. ಅದಕ್ಕೆ ಪ್ರತಿಯಾಗಿ ಹುಡುಗ ಈ ವಿಷಯದ ಬಗ್ಗೆ ಸಹಪಾಠಿಗಳಿಗೆ ಪಾಠ ಮಾಡಲಿ, ನೀವೂ ಜೊತೆಗಿರಿ ಎಂದ. ಭಾರತೀಯ ಕುಟುಂಬ ಪದ್ಧತಿ, ರೋಗಿಯ ಬಂಧುಬಳಗ. ಹೇಗೂ ಶುಕ್ರವಾರದ ನಿಮ್ಮ ಆ ಗಂಟೆ ಖಾಲಿ ಇದೆಯಲ್ಲ, ಅದಕ್ಕೆ ನೀವಿನ್ನೂ ಯಾವ ರೋಗಿಯ ಪ್ರಕರಣವನ್ನೂ ಕೊಟ್ಟಿಲ್ಲವಲ್ಲ, ಎಂದ.

ಆ ಗಂಟೆಗಾಗಿ ಚಪ್ಪಲಿ ಸವೆಸಿದವಳು ನಾನು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಹುಡುಗ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡ. "ಪ್ಲೀಸ್, ಆಂಟಿ" ಎಂದ, ಯಾರಿಗೂ ಕೇಳದಷ್ಟು ಮೆಲ್ಲಗೆ. ಬೇರೆ ಡಾಕ್ಟರುಗಳ ಎದುರಿನಲ್ಲಿ ಅವನು ನನ್ನನ್ನು ಆಂಟಿ ಎಂದದ್ದು ಅದೇ ಮೊದಲು. ನಾನು ಒಪ್ಪಿದೆ.

ಶುಕ್ರವಾರ ಹಾಲ್ ತುಂಬಿತ್ತು. ಸ್ಯಾಂಡ್‌ವಿಚ್ ಸಾಲದೆ ಮತ್ತೆ ತರಿಸಿದರು. ನಾನು ಬೋರ್ಡಿನ ಮೇಲೆ ವಂಶವೃಕ್ಷ ಬರೆದೆ. ಚಿಕ್ಕಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ, ಸೋದರತ್ತೆಯ ಮಗನನ್ನು ಮದುವೆಯೂ ಆಗಬಹುದು ಎಂದಾಗ ಎಲ್ಲರೂ ಬೆರಗಾಗಿ ನಕ್ಕರು. ಹುಡುಗ ತನ್ನ ಪಾಲಿನ ಸ್ಲೈಡುಗಳನ್ನು ತೋರಿಸಿದ. ರೋಗಿಯ ಸೋಶಿಯಲ್ ಹಿಸ್ಟರಿ ಓದುವಾಗ, ಅವಿವಾಹಿತ, ರೂಮ್‌ಮೇಟ್ ಜೊತೆ ವಾಸ, ಕೊನೆಯಲ್ಲಿ ಅಣ್ಣ ಜೊತೆಗಿದ್ದರು ಎಂದು ಓದಿ ಮುಂದಿನ ಸ್ಲೈಡಿಗೆ ಹೋದ. ಕೊನೆಯಲ್ಲಿ ಪ್ರಶ್ನೆಗಳು. ಮುಂದಿನ ಸಾಲಿನ ಜಾಣ ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿದಳು. ಹಾಗಾದರೆ ಬಂದವರು ನಿಜವಾದ ಕಸಿನ್ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು ಹೇಗೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದು ಮುಖ್ಯಸ್ಥ ಬರೆದುಕೊಂಡ. ಸ್ವಲ್ಪ ದಿನಕ್ಕೆ ಆ ವಾರ್ಡಿನಲ್ಲಿ ಸಂಬಂಧಕ್ಕೆ ಗುರುತು ತೋರಿಸಬೇಕು ಎಂಬ ಹೊಸ ನಿಯಮ ಬಂತು. ನಮ್ಮ ಗಂಟೆಯಿಂದ ಆಸ್ಪತ್ರೆ ಕಲಿತದ್ದು ಅದೊಂದೇ.

ಕಾರಿನ ಹತ್ತಿರ ಹುಡುಗ, ತಾನು ಪೆಥಾಲಜಿಗೆ, ಪ್ರಯೋಗಾಲಯದ ಕೆಲಸಕ್ಕೆ, ಹೋಗುತ್ತೇನೆ ಎಂದ. ಮೊನ್ನೆಯವರೆಗೆ ಫ್ಯಾಮಿಲಿ ಡಾಕ್ಟರ್ ಆಗುತ್ತೇನೆ, ಎಡಿಸನ್ನಿನಲ್ಲೇ ಕ್ಲಿನಿಕ್ ಹಾಕುತ್ತೇನೆ ಎನ್ನುತ್ತಿದ್ದವನು. ಯಾಕೋ ಎಂದೆ. ಗಾಜಿನ ಪಟ್ಟಿಯ ಮೇಲಿನ ಕಣಕ್ಕೆ ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಬೇಕಿಲ್ಲವಲ್ಲ ಎಂದ. ಮನೆಯಲ್ಲಿ ಹೇಳುವ ವಿಷಯ ಏನು ಮಾಡಿದೆ ಎಂದೆ. ಇಲ್ಲವೆಂದು ತಲೆಯಾಡಿಸಿದ. "ನಾಟ್ ನೌ, ಆಂಟಿ" ಎಂದವನು, ಕಾರಿನ ಬೀಗ ತೆಗೆಯುತ್ತಾ, "ಮೇಬಿ ನೆವರ್" ಎಂದ. ಧೈರ್ಯ ಮಾಡಿದವನಿಗೆ ಏನಾಯಿತು ಎಂಬುದನ್ನು ಅವನು ನನ್ನ ಜೊತೆಯಲ್ಲೇ ನಿಂತು ನೋಡಿದ್ದ.

ಊರಿಗೆ ಹೊರಡುವ ಮುನ್ನ ಅಣ್ಣ ನನ್ನನ್ನು ಕಾಣಲು ಬಂದರು. ಬರಿಗೈಯಲ್ಲಿ ಬರಬಾರದೆಂದು ಎಲ್ಲಿಂದಲೋ ಬಾಳೆಹಣ್ಣು ಹಿಡಿದು ತಂದಿದ್ದರು. ಹುಡುಗನೂ ಅಲ್ಲಿದ್ದ. ಕಾಲುಚೀಲ ಹಾಕಿದವನು ಎಂದು ಗುರುತಿಸಿ ಅವನ ಬೆನ್ನು ತಟ್ಟಿದರು. ತಮ್ಮನ ಸಾಮಾನು ತರಲು ಎಡಿಸನ್ನಿನ ಅಪಾರ್ಟ್‌ಮೆಂಟಿಗೆ ಹೋಗಿದ್ದರಂತೆ. ಅಲ್ಲಿ ಎಲ್ಲ ಬಟ್ಟೆಯನ್ನೂ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಇಟ್ಟಿತ್ತಂತೆ.

"ನಾನು ಅವತ್ತು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ, ಆ ಹುಡುಗ ಒಂದು ಮಾತೂ ಎತ್ತಲಿಲ್ಲಮ್ಮಾ. ಕೂರಿಸಿ ಊಟ ಹಾಕ್ದ. ಸಾರಿಗೆ ಬೆಲ್ಲ ಹಾಕಿದ್ದ, ನಮ್ಮನೇಲಿ ಹಾಕೋ ಹಾಗೇನೇ! ಹುಬ್ಬಳ್ಳಿ ಕಡೆಯೋನಿಗೆ ಅದು ಹೇಗೆ ಬಂತೋ ಅಂತ ಆಶ್ಚರ್ಯ ಆಯ್ತು ನಂಗೆ. ಎರಡು ಸಲ ಬಡಿಸ್ಕೊಂಡೆ." ಅವರ ಕಣ್ಣು ಒದ್ದೆಯಾಯಿತು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿ ನಿಂತರು. "ಪಾಪ, ಒಳ್ಳೇ ಹುಡುಗ. ಆ ಮನೇಲಿ ಒಬ್ಬನೇ ಇರೋದು ಕಷ್ಟ. ಬೇಗ ಇನ್ನೊಬ್ಬ ರೂಮ್‌ಮೇಟ್ ಹುಡುಕ್ಕೊಳ್ಳೋಕೆ ಹೇಳಿ ಅವನಿಗೆ."

ಹುಡುಗ ನನಗಿಂತ ಮುಂದೆ ಹೋಗಿ ಅವರಿಗೆ ಬಾಗಿಲು ತೆರೆದು ಹಿಡಿದ.

"ಹೇಳ್ತೀನಿ, ಅಂಕಲ್" ಎಂದ, ಕನ್ನಡದಲ್ಲಿ.